ವಾರ್ತೆ ಓದುವವರ ಮುಖ

(ಬಾನುಲಿ ಭಾಷಣ)

ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ಸೌಕರ್ಯವುಂಟು. ಅವನ ಮುಖ ನಿಮಗೆ ಕಾಣುವುದಿಲ್ಲ. ನಾನು ತಲೆ ಬಾಚಿಕೊಂಡು ಬಂದಿದ್ದೇನೆಯೆ, ನನ್ನ ಅಂಗಿಯ ಕಾಲರು ಹರಿದಿದೆಯೆ, ಅರವತ್ತು ದಾಟಿದ ಈ ಮುಖದ ಮೇಲೆ ಎಷ್ಟು ಗೆರೆಗಳು ಬಿದ್ದಿವೆ, ಇದಾವುದರ ಯೋಚನೆಯೂ ಇಲ್ಲದೆ ನೀವು ನನ್ನ ಮಾತನ್ನು ಕೇಳಬಹುದು. ಮಾತು ರುಚಿಸದಿದ್ದರೆ ಪೆಟ್ಟಿಗೆಯ ಕಿವಿ ಹಿಂಡಿ ನನ್ನ ಬಾಯಿ ಮುಚ್ಚಿಸಲೂಬಹುದು. ಹಾಗೆ ಮಾಡಿದರೂ ನಿಮ್ಮ ತೀರ್ಪು ನನ್ನ ಮಾತಿನ ಮೇಲೆಯೇ ಹೊರತು ನನ್ನ ಮೂಗಿನ ಮೇಲಲ್ಲ.

ಈ ಸೌಕರ್ಯವಿಲ್ಲದ ಒಂದು ವೃತ್ತಿಯನ್ನು ಕುರಿತು, ಆ ವೃತ್ತಿಯಲ್ಲಿ ಬಾಳಿದ ಇಬ್ಬರು ಹೆಣ್ಣುಮಕ್ಕಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ವೃತ್ತಿ, ಟೆಲಿವಿಷನ್ನಿನಲ್ಲಿ ಊರಿನ ವಾರ್ತೆ ಓದುವುದು. ಇಬ್ಬರಲ್ಲಿ ಒಬ್ಬರು ಅಮೆರಿಕದ ಕ್ಯಾನ್ಸಸ್ ಸಿಟಿ ಎಂಬ ನಗರದಲ್ಲಿ ಓದುತ್ತಿದ್ದವರು, ಕ್ರಿಸ್ಟೀನ್ ಕ್ರಾಫ್ಟ್ ಎಂದು ಅವರ ಹೆಸರು. ಅವರ ಕಥೆ ನ್ಯಾಯಾಲಯದ ಕಡತಗಳಲ್ಲಿಯೇ ದಾಖಲಾಗಿದೆ. ಇನ್ನೊಬ್ಬಳು ನನ್ನ ಶಿಷ್ಯೆ. ಅವಳ ಕಥೆ ಯಾವ ಕಡತದಲ್ಲಿಯೂ ಇಲ್ಲ.

ನಾನು ಬೆಳೆದದ್ದು ಬಾನುಲಿಯ ಕಾಲದಲ್ಲಿ. ನಮ್ಮ ಮನೆಯಲ್ಲಿದ್ದದ್ದು ಒಂದು ಹಳೆಯ ವಾಲ್ವ್ ರೇಡಿಯೋ. ಗುಂಡಿ ತಿರುಗಿಸಿದ ಮೇಲೆ ಅದು ಬಿಸಿಯಾಗಿ ಬಾಯಿ ಬಿಡುವುದಕ್ಕೆ ಕೆಲವು ಕ್ಷಣ ಬೇಕಾಗುತ್ತಿತ್ತು. ದೆಹಲಿಯಿಂದ ಕನ್ನಡ ವಾರ್ತೆ ಬರುವಾಗ ತಂದೆಯವರ ಎದುರಿಗೆ ಯಾರೂ ಪಿಟ್ಟೆನ್ನುವಂತಿರಲಿಲ್ಲ. ವಾರ್ತೆ ಓದುವವರು ನೋಡುವುದಕ್ಕೆ ಹೇಗಿರಬಹುದು ಎಂಬ ಚರ್ಚೆ ಒಮ್ಮೆ ನಮ್ಮಲ್ಲಿ ನಡೆದದ್ದುಂಟು. ಅಷ್ಟು ಗಂಭೀರವಾದ ದನಿಯುಳ್ಳವನು ಆರಡಿ ಎತ್ತರವಿದ್ದು ಜರಿಯ ಪೇಟ ಸುತ್ತಿರಲೇಬೇಕೆಂದು ನಮ್ಮಜ್ಜಿಯ ಸಿದ್ಧಾಂತ. ಅಜ್ಜಿಯ ಪೇಟದಿಂದ ವಾರ್ತೆಗೆ ಯಾವ ಬಾಧೆಯೂ ಆಗಲಿಲ್ಲ. ಮಳೆ ಬಂತೆಂದರೆ ಬಂತು, ಮಂತ್ರಿಮಂಡಲ ಬಿತ್ತೆಂದರೆ ಬಿತ್ತು.

ಮುಖ ಕಂಡರೆ ವಾರ್ತೆಗೆ ಬಾಧೆಯಾದೀತೆಂಬ ಅಂಜಿಕೆ ಟೆಲಿವಿಷನ್ನನ್ನು ನಡೆಸುತ್ತಿದ್ದವರಿಗೂ ಮೊದಲಲ್ಲಿ ಇತ್ತೆಂದರೆ ನೀವು ನಂಬಲಾರಿರಿ. 1954ರಲ್ಲಿ ಲಂಡನ್ನಿನ ಬಿ.ಬಿ.ಸಿ. ಟೆಲಿವಿಷನ್ ವಾರ್ತೆಯನ್ನು ಆರಂಭಿಸಿದಾಗ ಚಿತ್ರಗಳು ಕಾಣುತ್ತಿದ್ದವು, ದನಿ ಕೇಳುತ್ತಿತ್ತು. ಓದುವವನು ಮಾತ್ರ ಮರೆಯಲ್ಲಿದ್ದ. ಓದುವವನ ಹುಬ್ಬು ಕೊಂಚ ಮೇಲೆದ್ದರೂ ಅದು ವಾರ್ತೆಯ ಮೇಲೆ ಮಾಡಿದ ಟೀಕೆಯೆನಿಸಬಹುದು ಎಂಬುದು ಅಲ್ಲಿನ ಹಿರಿಯರ ಶಂಕೆ. ಮರುವರ್ಷ, 1955ರಲ್ಲಿ, ಕೆನೆತ್ ಕೆಂಡಾಲ್ ಎಂಬ ವಾಚಕರು ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡರು. ಒಮ್ಮೆ ಕಂಡ ಮುಖವನ್ನು ಮತ್ತೆ ಮರೆಮಾಡುವುದು ಸಾಧ್ಯವಾಗಲಿಲ್ಲ.

ನಮ್ಮ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಉಡುಗೆ ತೊಡುಗೆ ಬಣ್ಣಗಳೆಲ್ಲ ಆಹಾರ್ಯಕ್ಕೆ ಸೇರಿದವು. ವಾರ್ತೆ ಓದುವುದು ವಾಚಿಕದ ಕೆಲಸ. ಕರಾವಳಿಯ ತಾಳಮದ್ದಳೆಯನ್ನು ಕಂಡವರಿಗೆ ನಾನು ಹೇಳುವುದು ಬೇಗ ತಿಳಿಯುತ್ತದೆ. ಅದೇ ಪ್ರಸಂಗ, ಅದೇ ಭಾಗವತರು. ಆದರೆ ವೇಷವಿಲ್ಲ, ಕುಣಿತವಿಲ್ಲ. ಪಂಚೆ, ಶಾಲು ಹೊದ್ದು ಕುಳಿತ ಬೋಳುತಲೆಯ ಹಿರಿಯರೊಬ್ಬರು ದ್ರೌಪದಿಯ ಅರ್ಥ ಹೇಳತೊಡಗಿದರೆ ಐದು ನಿಮಿಷದಲ್ಲಿ ನಮ್ಮ ಕಣ್ಣು ಸೋತು ಕಿವಿ ಗೆಲ್ಲುತ್ತದೆ. ಬಾನುಲಿಯ ವಾರ್ತೆ ಒಂದು ಬಗೆಯ ತಾಳಮದ್ದಳೆ. ಟೆಲಿವಿಷನ್ ಬಂದಾಗ ಅದೇ ಪ್ರಸಂಗ ಬಯಲಾಟವಾಯಿತು. ಬಯಲಾಟಕ್ಕೆ ವೇಷ ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ವೇಷವನ್ನು ನೋಡುವ ಭರದಲ್ಲಿ ಅರ್ಥವನ್ನು ಕೇಳದೆ ಹೋದರೆ?

ನಮ್ಮ ದೇಶದಲ್ಲಿ ದೆಹಲಿಯ ದೂರದರ್ಶನ ಐದು ನಿಮಿಷದ ವಾರ್ತೆಯನ್ನು ಆರಂಭಿಸಿದ್ದು 1965ರಲ್ಲಿ. ಅದನ್ನು ಓದಿದವರು ಪ್ರತಿಮಾ ಪುರಿ. ಆಮೇಲೆ ಬಂದ ಸಲ್ಮಾ ಸುಲ್ತಾನ್ ಅವರನ್ನು ನನ್ನ ವಯಸ್ಸಿನವರೆಲ್ಲ ಬಲ್ಲರು. 1984ರ ಅಕ್ಟೋಬರ್ 31ರ ಸಂಜೆ ಇಂದಿರಾ ಗಾಂಧಿಯವರ ಹತ್ಯೆಯ ವಾರ್ತೆಯನ್ನು ದೂರದರ್ಶನದಲ್ಲಿ ಓದಿದವರು ಅವರು. ದೇಶದ ಎದೆ ನಡುಗುತ್ತಿದ್ದಾಗ ತನ್ನ ದನಿಯನ್ನು ನಡುಗಗೊಡದೆ ಓದುವುದು ಸಾಮಾನ್ಯವಾದ ಸಂಯಮವಲ್ಲ. ಅಂಥವರ ಹೆಸರೆತ್ತಿದ ಕೂಡಲೆ ನಾವು ಮೊದಲು ನೆನೆಯುವುದೇನನ್ನು? ಅವರು ಕಿವಿಯ ಹಿಂದೆ ಮುಡಿಯುತ್ತಿದ್ದ ಗುಲಾಬಿ ಹೂವನ್ನು. ನಾನೂ ಅದನ್ನೇ ನೆನೆಯುತ್ತೇನೆ. ಹೂವಿನದೇನೂ ತಪ್ಪಿಲ್ಲ.

ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ನಾನು ಆಗ ಕನ್ನಡ ಎಂ.ಎ. ವಿದ್ಯಾರ್ಥಿ. ಕನ್ನಡದಲ್ಲಿ ವಾರ್ತೆ ಓದುವವರ ಮುಖವನ್ನು ಕಾಣುವ ಭಾಗ್ಯ ಅಲ್ಲಿಂದ ಕೆಲಕಾಲದ ಮೇಲೆ ನನಗೆ ಒದಗಿತು. ಇತ್ತ ನಾವು ಆ ಸಂಭ್ರಮದ ಹೊಸ್ತಿಲಲ್ಲಿ ನಿಂತಿದ್ದ ಅದೇ 1981ರಲ್ಲಿ, ಅತ್ತ ಕ್ಯಾನ್ಸಸ್ ಸಿಟಿಯಲ್ಲಿ ಮುಖದ ಕಾರಣವಾಗಿಯೇ ಒಬ್ಬಾಕೆ ವಾರ್ತೆಯ ಪೀಠದಿಂದ ಇಳಿಯಬೇಕಾಯಿತು. ಇನ್ನು ಅವರ ಕಥೆ.

ಅಮೆರಿಕದಲ್ಲಿ ದೊಡ್ಡ ಊರುಗಳಿಗೆಲ್ಲ ತಮ್ಮತಮ್ಮದೇ ಟೆಲಿವಿಷನ್ ಕೇಂದ್ರಗಳುಂಟು. ದೇಶದ ದೊಡ್ಡ ಜಾಲಗಳ ಕಾರ್ಯಕ್ರಮಗಳ ನಡುವೆ ಸಂಜೆಯೂ ರಾತ್ರಿಯೂ ಅವು ತಮ್ಮ ಊರಿನ ವಾರ್ತೆಯನ್ನು ಬಿತ್ತರಿಸುತ್ತವೆ. ಆ ವಾರ್ತೆಯನ್ನು ನಡೆಸುವವರನ್ನು 'ಆಂಕರ್' ಎಂದು ಕರೆಯುತ್ತಾರೆ. ಆಂಕರ್ ಎಂದರೆ ಹಡಗಿನ ಲಂಗರು. ಹತ್ತು ಕಡೆಯಿಂದ ಬರುವ ಸುದ್ದಿಗಳು ಚದುರಿಹೋಗದಂತೆ ಹಿಡಿದು ನಿಲ್ಲಿಸುವವರು ಎಂದು ತಾತ್ಪರ್ಯ. ಹೆಸರೇನೋ ಭಾರವಾದದ್ದೇ. ಆದರೆ 1970ರ ದಶಕದ ವೇಳೆಗೆ ಊರೂರಿನ ಕೇಂದ್ರಗಳ ನಡುವೆ ಪೈಪೋಟಿ ಬೆಳೆದು, ಯಾರ ವಾರ್ತೆಯನ್ನು ಎಷ್ಟು ಮಂದಿ ನೋಡುತ್ತಾರೆಂಬುದರ ಮೇಲೆ ಜಾಹೀರಾತಿನ ಹಣ ನಿಂತಿತು. ಆಗ ಸಲಹೆಗಾರರೆಂಬ ಹೊಸದೊಂದು ವರ್ಗ ಹುಟ್ಟಿಕೊಂಡಿತು. 'ವಾರ್ತೆಯ ವೈದ್ಯರು' ಎಂದೇ ಜನ ಅವರನ್ನು ಗೇಲಿಯಾಗಿ ಕರೆದರು. ವೀಕ್ಷಕರನ್ನು ಗುಂಪುಗುಂಪಾಗಿ ಕೂರಿಸಿ ಯಾವ ಮುಖ ಹಿಡಿಸುತ್ತದೆ, ಯಾವುದು ಹಿಡಿಸದು ಎಂದು ವಿಚಾರಿಸುವುದು ಈ ವೈದ್ಯರ ನಾಡಿಪರೀಕ್ಷೆ.

ಕ್ರಿಸ್ಟೀನ್ ಕ್ರಾಫ್ಟ್ ಅವರು ಕ್ಯಾನ್ಸಸ್ ಸಿಟಿಯ ಕೆ.ಎಂ.ಬಿ.ಸಿ. ಎಂಬ ಕೇಂದ್ರಕ್ಕೆ 1981ರ ಜನವರಿಯಲ್ಲಿ ಬಂದರು. ಆಗ ಅವರಿಗೆ ಮೂವತ್ತಾರು ವರ್ಷ. ಕ್ಯಾಲಿಫೋರ್ನಿಯದವರು, ಅಲೆಯ ಮೇಲೆ ಹಲಗೆ ಹತ್ತಿ ಸಾಗುವ ಸಾಹಸಕ್ರೀಡೆಯಲ್ಲಿ ಪಳಗಿದವರು. ಹಿಂದೊಮ್ಮೆ ದೊಡ್ಡ ಜಾಲವೊಂದರಲ್ಲಿ ಕ್ರೀಡಾವರದಿ ಮಾಡುವಾಗ ಅವರ ತಲೆಗೂದಲಿಗೆ ಬೆಳ್ಳಿಯ ಬಣ್ಣ ಹಚ್ಚಿಸಿ ಗೊಂಬೆ ಮಾಡಿದ್ದರು. ಆ ಕಹಿಯನ್ನು ಅವರು ಮರೆತಿರಲಿಲ್ಲ. ಆದ್ದರಿಂದ ತನ್ನನ್ನು ತಿದ್ದಿ ತೀಡುವ ಪ್ರಯತ್ನ ಮಾಡಕೂಡದೆಂದು ಈ ಸಲ ಸೇರುವಾಗಲೇ ಹೇಳಿದ್ದೆ, ಕೇಂದ್ರದವರೂ ಒಪ್ಪಿದ್ದರು ಎಂಬುದು ಅವರ ಹೇಳಿಕೆ.

ಒಪ್ಪಿಗೆ ಹೆಚ್ಚು ದಿನ ಬಾಳಲಿಲ್ಲ. ಸಲಹೆಗಾರರು ಬಂದರು. ಪ್ರಸಾಧನ ಹೇಗಿರಬೇಕು, ಅಂಗಿಯ ಮೇಲೆ ಎಂಥ ಕೋಟು ಬೇಕು ಎಂಬ ಪಾಠ ಮೊದಲಾಯಿತು. ಯಾವ ದಿನ ಯಾವ ಉಡುಪು ಎಂದು ಬರೆದ ಉಡುಗೆಯ ಪಂಚಾಂಗವೊಂದು ಸಿದ್ಧವಾಯಿತು. ವೀಕ್ಷಕರ ಗುಂಪುಗಳಿಗೆ ಅವರು ವಾರ್ತೆ ಓದಿದ ಚಿತ್ರ ತೋರಿಸಿ ಅಭಿಪ್ರಾಯ ಕೇಳಿದರು, ಬಳಿಕ ದೂರವಾಣಿಯ ಮೂಲಕವೂ ವಿಚಾರಿಸಿದರು. ವರದಿ ಅವರಿಗೆ ಪ್ರತಿಕೂಲವಾಗಿ ಬಂತು. 1981ರ ಆಗಸ್ಟಿನಲ್ಲಿ ಅವರನ್ನು ವಾರ್ತೆಯ ಪೀಠದಿಂದ ಇಳಿಸಿ ವರದಿಗಾರ್ತಿಯಾಗಿ ಮುಂದುವರಿಯುವಂತೆ ಹೇಳಲಾಯಿತು. ವಯಸ್ಸು ಹೆಚ್ಚು, ಚೆಲುವು ಸಾಲದು, ಗಂಡಸರ ಎದುರು ತಗ್ಗಿ ನಡೆಯುವುದಿಲ್ಲ ಎಂಬ ಮೂರು ಕಾರಣಗಳನ್ನು ಮೇಲಧಿಕಾರಿ ತನಗೆ ಹೇಳಿದರೆಂದು ಕ್ರಾಫ್ಟ್ ಅವರು ಪ್ರಮಾಣ ಮಾಡಿ ನುಡಿದರು. ತಾನು ಹಾಗೆ ಹೇಳಲೇ ಇಲ್ಲವೆಂದು ಅಧಿಕಾರಿ ನಿರಾಕರಿಸಿದರು.

ವರದಿಗಾರ್ತಿಯ ಕೆಲಸವನ್ನು ಒಲ್ಲದೆ ಅವರು ತಮ್ಮ ಹಳೆಯ ಊರಾದ ಸಾಂತಾ ಬಾರ್ಬರಾದ ಕೇಂದ್ರಕ್ಕೆ ಮರಳಿದರು. ಆಮೇಲೆ ಮೊಕದ್ದಮೆ ಹೂಡಿದರು. 1983ರ ಆಗಸ್ಟಿನಲ್ಲಿ ಪಂಚರು ಅವರ ಪರವಾಗಿ ತೀರ್ಮಾನಿಸಿ ಐದು ಲಕ್ಷ ಡಾಲರ್ ಪರಿಹಾರ ಹೇಳಿದರು. ಅದೇ ವರ್ಷ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. ರೂಪ ಉಡುಗೆಗಳ ನಿಯಮವನ್ನು ಕೇಂದ್ರವು ಗಂಡಸರಿಗೂ ಹೆಂಗಸರಿಗೂ ಒಂದೇ ಸಮನಾಗಿ ಅನ್ವಯಿಸಿತ್ತೆಂದು ಅವರ ಅಭಿಪ್ರಾಯ. ವಂಚನೆಯ ಆಪಾದನೆಯ ಮಟ್ಟಿಗೆ 1984ರಲ್ಲಿ ಜಾಪ್ಲಿನ್ ಎಂಬ ಊರಿನಲ್ಲಿ ಮತ್ತೆ ವಿಚಾರಣೆ ನಡೆಯಿತು. ಎರಡನೆಯ ಪಂಚರೂ ಅವರನ್ನೇ ನಂಬಿ ಮೂರು ಲಕ್ಷದ ಇಪ್ಪತ್ತೈದು ಸಾವಿರ ಡಾಲರ್ ಕೊಡಿಸಿದರು. 1985ರಲ್ಲಿ ಮೇಲಿನ ನ್ಯಾಯಾಲಯ ಅದನ್ನೂ ರದ್ದುಮಾಡಿತು. 1986ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಅವರ ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ಕೇಳಬೇಕಾದ ಮೊಕದ್ದಮೆಯಿದು ಎಂದವರು ಆ ಪೀಠದ ಮೊದಲ ಮಹಿಳಾ ನ್ಯಾಯಮೂರ್ತಿ, ಸಾಂಡ್ರಾ ಡೇ ಓ'ಕಾನರ್ ಒಬ್ಬರೇ.

ಹೀಗೆ ಎರಡು ಬಾರಿ ಊರಿನ ಸಾಮಾನ್ಯ ಜನರಾದ ಪಂಚರ ಮುಂದೆ ಗೆದ್ದು, ಎರಡು ಬಾರಿಯೂ ಗೆದ್ದದ್ದನ್ನು ಕಳೆದುಕೊಂಡು ಅವರು ಹೊರಬಂದರು. ಯಾವ ಮೂರು ಕಾರಣಗಳನ್ನು ತನಗೆ ಹೇಳಿದರೆಂದು ದೂರಿದ್ದರೋ ಅವುಗಳನ್ನೇ ತಾವು ಬರೆದ ಪುಸ್ತಕದ ಹೆಸರಾಗಿ ಇಟ್ಟರು. ಬಳಿಕ ಕಾನೂನು ಓದಿ ವಕೀಲರಾದರು. ಬಾನುಲಿಯಲ್ಲಿ ಮಾತಿನ ಕಾರ್ಯಕ್ರಮಗಳನ್ನೂ ನಡೆಸಿದರು. ಮುಖವನ್ನು ಕೇಳದ ಮಾಧ್ಯಮಕ್ಕೆ ಬಂದರಲ್ಲ ಎಂದು, ಬಾನುಲಿಯ ಪಕ್ಷಪಾತಿಯಾದ ನನಗೆ ಸಂತೋಷ.

ಈ ಮೊಕದ್ದಮೆಯ ಸುದ್ದಿಯನ್ನು ನಾನು 1983ರಲ್ಲಿಯೇ ಪತ್ರಿಕೆಯಲ್ಲಿ ಓದಿದ್ದೆ. ಓದಿ ನಕ್ಕಿದ್ದೆ. ಇದು ಅಮೆರಿಕದವರ ಹುಚ್ಚು, ಸರಸ್ವತಿಯನ್ನು ಪೂಜಿಸುವ ನಮ್ಮಲ್ಲಿ ವಾಕ್ಕಿಗೆ ಬೆಲೆಯುಂಟು, ರೂಪಕ್ಕಲ್ಲ ಎಂದು ಗೆಳೆಯರ ಮುಂದೆ ದೊಡ್ಡದಾಗಿ ಹೇಳಿಕೊಂಡದ್ದೂ ಉಂಟು. ಆ ನಗುವಿನ ಸಾಲವನ್ನು ತೀರಿಸುವ ಕಾಲ ನನಗೆ ಹದಿನೈದು ವರ್ಷಗಳ ಮೇಲೆ ಬಂತು.

ನಾನು ಪಾಠ ಹೇಳುತ್ತಿದ್ದ ಜಿಲ್ಲಾ ಕೇಂದ್ರದಲ್ಲಿ ಕೇಬಲ್ಲಿನವರು ಊರಿನ ವಾರ್ತೆಯೊಂದನ್ನು ಆರಂಭಿಸಿದರು. ಪೇಟೆಯ ಧಾರಣೆ, ಅಣೆಕಟ್ಟಿನ ನೀರಿನ ಮಟ್ಟ, ಜಾತ್ರೆ, ಕಳ್ಳತನ, ಬಸ್ಸಿನ ಅಪಘಾತ, ಇವೇ ಅದರ ಸರಕು. ದೆಹಲಿಯ ವಾರ್ತೆಗಿಂತ ಹೆಚ್ಚಿನ ಆಸ್ಥೆಯಿಂದ ಊರು ಅದನ್ನು ನೋಡುತ್ತಿತ್ತು. ಅದನ್ನು ಓದುವುದಕ್ಕೆ ನನ್ನ ಶಿಷ್ಯೆಯೊಬ್ಬಳು ಆಯ್ಕೆಯಾದಳು. ಇಪ್ಪತ್ತಮೂರರ ಹುಡುಗಿ, ಬಡವರ ಮನೆಯವಳು. ಅವಳ ಮಾತಿನಲ್ಲಿ ಒಂದೇ ಒಂದು ತೊಡಕಿತ್ತು. ಅಕಾರ ಹಕಾರಗಳು ತಮ್ಮ ಸ್ಥಾನ ಬದಲಿಸಿಕೊಳ್ಳುತ್ತಿದ್ದವು. ಅಕ್ಕಿಯ ಬೆಲೆ ಏರಿತು ಎಂದು ಓದಬೇಕಾದಲ್ಲಿ ಹಕ್ಕಿಯ ಬೆಲೆ ಏರಿಬಿಡುತ್ತಿತ್ತು. ಎರಡು ತಿಂಗಳು ಸಂಜೆ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಹಳೆಯ ಪತ್ರಿಕೆಗಳನ್ನು ಗಟ್ಟಿಯಾಗಿ ಓದಿ ಓದಿ ಅದನ್ನು ಗೆದ್ದಳು. ಶಕಾರ, ಷಕಾರ, ಮಹಾಪ್ರಾಣಗಳೆಲ್ಲ ಸ್ಫುಟವಾದವು. ವಾಕ್ಯದಲ್ಲಿ ಎಲ್ಲಿ ನಿಲ್ಲಬೇಕು, ಸಾವಿನ ಸುದ್ದಿಯಿಂದ ಸನ್ಮಾನದ ಸುದ್ದಿಗೆ ದಾಟುವಾಗ ಎಷ್ಟು ಉಸಿರು ಬಿಡಬೇಕು ಎಂಬುದನ್ನು ತಾನೇ ಕಂಡುಕೊಂಡಳು.

1998ರ ಒಂದು ಸಂಜೆ ಅವಳು ಮೊದಲ ವಾರ್ತೆ ಓದಿದಳು. ನಾನೂ ನನ್ನ ಹೆಂಡತಿಯೂ ಎದುರಿಗೆ ಕುಳಿತು ನೋಡಿದೆವು. ಮರುದಿನ ಬೆಳಿಗ್ಗೆ ಹಣ್ಣು ಹಿಡಿದುಕೊಂಡು ಮನೆಗೆ ಬಂದು ನಮಸ್ಕಾರ ಮಾಡಿದಳು. ನಾನು ಮನಸಾರೆ ಸಂತೋಷಪಟ್ಟು ಹೇಳಿದೆ: "ಸೀರೆ ಬಹಳ ಚೆನ್ನಾಗಿ ಒಪ್ಪಿತ್ತಮ್ಮಾ ನಿನಗೆ."

ಅವಳು ಒಂದು ಗಳಿಗೆ ಸುಮ್ಮನಿದ್ದು ಕೇಳಿದಳು: "ಓದಿದ್ದು ಹೇಗಿತ್ತು ಸಾರ್?"

ಶ್ರೋತೃಮಿತ್ರರೇ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ಸಂಜೆಯ ವಾರ್ತೆಯಲ್ಲಿ ಏನೇನಿತ್ತೆಂದು ನೆನಪು ಮಾಡಿಕೊಳ್ಳಲು ಹೋದೆ, ಒಂದೂ ನೆನಪಾಗಲಿಲ್ಲ. ನೀಲಿಯ ಸೀರೆ, ಕೆಂಪು ಅಂಚು, ಇಷ್ಟು ಮಾತ್ರ ಕಣ್ಣಿನಲ್ಲಿ ಉಳಿದಿತ್ತು. ಎರಡು ತಿಂಗಳು ಹಕಾರಕ್ಕಾಗಿ ಹೆಣಗಿದ ಗುರು, ಹಕಾರ ಬಂತೋ ಇಲ್ಲವೋ ಎಂಬುದನ್ನೇ ಗಮನಿಸಿರಲಿಲ್ಲ. "ಚೆನ್ನಾಗಿತ್ತು, ಚೆನ್ನಾಗಿತ್ತು" ಎಂದು ಎರಡು ಸಲ ಹೇಳಿದೆ. ಒಂದೇ ಸಲ ಹೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ.

ಹನ್ನೊಂದು ವರ್ಷ ಅವಳು ಆ ವಾರ್ತೆಯನ್ನು ಓದಿದಳು. ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋದ ರಾತ್ರಿ, ಯಾವ ಊರಿಗೆ ಬಸ್ಸು ಹೋಗುವುದಿಲ್ಲವೆಂದು ಗಂಟೆಗೊಮ್ಮೆ ಬಂದು ಹೇಳಿದಳು. ಸಂತೆಯಲ್ಲಿ ತರಕಾರಿ ಮಾರುವವರು ಅವಳನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದರು. ಮದುವೆಯಾಯಿತು, ಮಗುವಾಯಿತು. ಮಗುವಿನ ಬಾಣಂತನ ಮುಗಿಸಿ ಬಂದವಳು ಕೊಂಚ ದಪ್ಪಗಾಗಿದ್ದಳು. 2009ರಲ್ಲಿ ಒಂದು ದಿನ ಅವಳನ್ನು ಕರೆದು, ನಾಳೆಯಿಂದ ಬೇರೆಯವರು ಓದುತ್ತಾರೆ, ನೀವು ಒಳಗೆ ಕುಳಿತು ಸುದ್ದಿ ಬರೆದುಕೊಡಿ ಎಂದರಂತೆ. ಕಾರಣ, ವೀಕ್ಷಕರು ಹೊಸ ಮುಖ ಕೇಳುತ್ತಿದ್ದಾರೆ. ಅವಳಿಗೆ ಆಗ ಮೂವತ್ತನಾಲ್ಕು. ಅವಳ ಜೊತೆಯಲ್ಲಿ ದಿನ ಬಿಟ್ಟು ದಿನ ಓದುತ್ತಿದ್ದ ಮಹನೀಯರಿಗೆ ಐವತ್ತು ದಾಟಿತ್ತು. ಅವರ ತಲೆಯ ಮೇಲೆ ಕೂದಲೂ ಇರಲಿಲ್ಲ, ಬಾಯಲ್ಲಿ ಷಕಾರವೂ ಇರಲಿಲ್ಲ. ಅವರು ಮುಂದುವರಿದರು.

ಅವಳು ಅಳುತ್ತ ಬರಲಿಲ್ಲ. ಬಂದು ನಮ್ಮ ಜಗುಲಿಯ ಮೇಲೆ ಕುಳಿತು ಕೇಳಿದಳು: "ಸಾರ್, ಯಾವ ವೀಕ್ಷಕರು? ನನಗೆ ಒಬ್ಬರೂ ಹಾಗೆ ಹೇಳಿಲ್ಲವಲ್ಲ."

ಆಗ ನನಗೆ ನಾನು ಆಡಿದ ಮೊದಲ ಮಾತು ನೆನಪಾಯಿತು. ಯಾವ ವೀಕ್ಷಕರು ಎಂದು ಕೇಳಿದರೆ, ನಾನೇ ಆ ವೀಕ್ಷಕ. ಮುಖ ಹಳತಾಯಿತೆಂದು ನಾನು ಯಾರಿಗೂ ದೂರು ಕೊಟ್ಟಿರಲಿಲ್ಲ, ನಿಜ. ಆದರೆ ಓದನ್ನು ಬಿಟ್ಟು ಸೀರೆಯನ್ನು ಹೊಗಳಿದ ಆ ಬೆಳಿಗ್ಗೆಯೇ, ಇವಳನ್ನು ಅಳೆಯಬೇಕಾದ ಕೋಲು ಯಾವುದೆಂದು ಒಪ್ಪಿಕೊಂಡುಬಿಟ್ಟಿದ್ದೆ. ಸೀರೆ ಒಪ್ಪಿತ್ತು ಎನ್ನುವವನು ಇದ್ದಾಗ, ಈಗ ಒಪ್ಪುವುದಿಲ್ಲ ಎನ್ನುವವನು ಹುಟ್ಟುವುದಕ್ಕೆ ತಡವೇನು? ಹೊಗಳಿಕೆಯೂ ತೆಗಳಿಕೆಯೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಆ ತಕ್ಕಡಿಯಲ್ಲಿ ಅವಳನ್ನು ಮೊದಲು ಕೂರಿಸಿದವನು ನಾನು, ಅವಳ ಗುರು.

ಆಮೇಲೆ ಕ್ರಾಫ್ಟ್ ಅವರ ಮೊಕದ್ದಮೆಯನ್ನು ಹುಡುಕಿ ಮತ್ತೆ ಓದಿದೆ. ಈ ಸಲ ನಗು ಬರಲಿಲ್ಲ. ಅಲ್ಲಿಯೂ ಇಳಿಸಿದವರು ಹೇಳಿದ್ದು ಜನರ ಹೆಸರನ್ನೇ. ಜನರನ್ನು ಕೇಳಿದ್ದೂ ಸುಳ್ಳಲ್ಲ. ಆದರೆ ನೂರು ಮಂದಿಯನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸಿ, ಒಬ್ಬಾಕೆಯ ಮುಖ ತೋರಿಸಿ, ಇವಳು ನಿಮಗೆ ಹಿಡಿಸುತ್ತಾಳೆಯೆ ಎಂದು ಕೇಳಿದರೆ, ಅವರು ಹಿಡಿಸುವ ಹಿಡಿಸದ ಮಾತನ್ನೇ ಆಡುತ್ತಾರೆ. ಈಕೆ ಓದಿದ್ದು ತಿಳಿಯಿತೆ, ನಂಬಿಕೆ ಹುಟ್ಟಿತೆ, ಊರಿನ ವಿಚಾರ ಈಕೆಗೆ ಗೊತ್ತುಂಟೆ ಎಂದಷ್ಟೇ ಕೇಳಿದ್ದರೆ ಅದೇ ನೂರು ಮಂದಿ ಬೇರೆ ಉತ್ತರ ಕೊಡುತ್ತಿದ್ದರೇನೋ. ಅದೇ ಊರುಗಳ ಸಾಮಾನ್ಯ ಜನ ಪಂಚರಾಗಿ ಕುಳಿತು ಸಾಕ್ಷ್ಯವನ್ನೆಲ್ಲ ಕೇಳಿದಾಗ ಎರಡು ಸಲವೂ ಆಕೆಯ ಪಕ್ಷಕ್ಕೆ ಬಂದರೆಂಬುದನ್ನು ಮರೆಯಬಾರದು. ಜನ ಎರಡು ಬಗೆಯಲ್ಲ. ಕೇಳುವ ಪ್ರಶ್ನೆ ಎರಡು ಬಗೆ.

ಇದು ಹಳೆಯ ಮಾತಾಯಿತೆಂದು ನೀವು ಹೇಳಬಹುದು. 2023ರ ಜುಲೈ ತಿಂಗಳಲ್ಲಿ ಕನ್ನಡದ ಸುದ್ದಿವಾಹಿನಿಯೊಂದು ಯಂತ್ರಬುದ್ಧಿಯಿಂದ ರಚಿಸಿದ ವಾರ್ತಾವಾಚಕಿಯನ್ನು ತೆರೆಯ ಮೇಲೆ ತಂದಿತು. ಆ ಬೊಂಬೆಗೆ ಇಟ್ಟ ಹೆಸರು 'ಸೌಂದರ್ಯ'. ಹೆಸರಿಟ್ಟವರು ಪ್ರಾಮಾಣಿಕರೆನ್ನಬೇಕು. ಆಕೆಗೆ ಮೂವತ್ತನಾಲ್ಕು ಆಗುವುದಿಲ್ಲ, ಬಾಣಂತನವಿಲ್ಲ, ಮೈ ಬರುವುದಿಲ್ಲ. ನಾವು ವಾರ್ತೆ ಓದುವವರಿಂದ ಇಷ್ಟು ದಿನ ಬಯಸಿದ್ದು ಇದನ್ನೇ ಆಗಿದ್ದರೆ, ಬಯಕೆ ಈಡೇರಿತು. ಸೇತುವೆ ಕೊಚ್ಚಿಹೋದ ರಾತ್ರಿ, ಅಕ್ಕನ ಮನೆ ಆ ದಡದಲ್ಲಿದೆಯಲ್ಲ ಎಂಬ ಕಳವಳವನ್ನು ನುಂಗಿಕೊಂಡು ಓದುವವರು ಬೇಕೆಂದಿದ್ದರೆ ಮಾತ್ರ, ಇನ್ನೊಮ್ಮೆ ಯೋಚಿಸಬೇಕು. ನಾಟ್ಯಶಾಸ್ತ್ರ ಹೇಳಿದ ನಾಲ್ಕನೆಯದು, ಆ ಸಾತ್ವಿಕ, ಹುಟ್ಟುವುದು ಇಂಥ ಕಡೆಯಲ್ಲಿಯೇ.

ನನ್ನ ಶಿಷ್ಯೆ ಒಳಗೆ ಕುಳಿತು ಸುದ್ದಿ ಬರೆಯಲಿಲ್ಲ. ಬಿ.ಎಡ್. ಓದಿ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕಿಯಾದಳು. ನಮ್ಮ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯಾದ ಮೇಲೆ ಮಕ್ಕಳು ಆ ದಿನದ ವಾರ್ತೆ ಓದುವ ಪದ್ಧತಿ ಉಂಟಷ್ಟೆ. ಅವಳ ಶಾಲೆಯಲ್ಲಿ ಅದಕ್ಕೆ ವಿಶೇಷ ಗೌರವ. 2024ರ ರಾಜ್ಯೋತ್ಸವಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದಳು. ಧ್ವಜಕ್ಕೆ ವಂದಿಸಿದ ಮೇಲೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಾಗದ ಹಿಡಿದು ಮುಂದೆ ಬಂದಳು. ನಾನು ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಕನ್ನಡಕವಿಲ್ಲದಿದ್ದರೆ ನನಗೆ ಹತ್ತಡಿಯಾಚೆ ಎಲ್ಲವೂ ಮಬ್ಬು.

ಸಮಾರಂಭ ಮುಗಿದ ಮೇಲೆ ಆ ಹುಡುಗಿಯನ್ನು ಹತ್ತಿರ ಕರೆದೆ. "ಮಗೂ, ಹಾಸನ ಜಿಲ್ಲೆಯ ಸುದ್ದಿ ಓದಿದೆಯಲ್ಲ, ಹಾಸನ ಎಲ್ಲಿಯೂ ಆಸನವಾಗಲಿಲ್ಲ. ಮೂರನೆಯ ಸುದ್ದಿಯಲ್ಲಿ ಮಾತ್ರ ಕೊಂಚ ಅವಸರ ಮಾಡಿದೆ" ಎಂದೆ.

ಪಕ್ಕದಲ್ಲಿ ನಿಂತಿದ್ದ ಅವಳ ಮೇಷ್ಟ್ರಮ್ಮ ನಕ್ಕುಬಿಟ್ಟಳು. "ಇಪ್ಪತ್ತಾರು ವರ್ಷ ಬೇಕಾಯಿತು ಸಾರ್ ನಿಮಗೆ" ಎಂದಳು.